ಪಕ್ಕದ ಖಾಲಿ ಸೈಟಿನಲ್ಲಿ ಬಲ್ಲೆ ಬೆಳೆದು ಸೊಳ್ಳೆ ಜಾಸ್ತಿಯಾಗಿದೆ, ಮಾಲೀಕರು ಊರಲ್ಲಿಲ್ಲ. ಮಂಗಳೂರಿನಲ್ಲಿ ಏನು ಮಾಡಬಹುದು?

ಜಾಗ ಚೊಕ್ಕಟವಾಗಿಡುವ ಹೊಣೆ ಮಾಲೀಕರದ್ದೇ. ಅವರು ಮುಂಬೈಯಲ್ಲಿರಲಿ, ದುಬೈಯಲ್ಲಿರಲಿ, ಕಾನೂನಿಗೆ ಅದು ಬೇಡ. ಮಂಗಳೂರಿಗೆ ಅನ್ವಯಿಸುವುದು 1976ರ ಮಹಾನಗರ ಪಾಲಿಕೆ ಕಾಯ್ದೆ. ಇದರಡಿ ಪಾಲಿಕೆ ಮೊದಲು ನೋಟಿಸ್ ಕೊಡುತ್ತದೆ. ಆಮೇಲೂ ಮಾಡದಿದ್ದರೆ ತಾನೇ ಕಡಿಸಿ, ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಉಡುಪಿಯಲ್ಲಾದರೆ ನಗರಸಭೆ, ಅಲ್ಲಿ 1964ರ ಪುರಸಭೆಗಳ ಕಾಯ್ದೆ.

ನನ್ನ ಸಲಹೆ: ದೂರಿನಲ್ಲಿ "ಹುಲ್ಲು ಬೆಳೆದಿದೆ" ಎಂದು ಬರೆದು ಸುಮ್ನಾಗಬೇಡಿ. ನಿಂತ ನೀರನ್ನು ತೋರಿಸಿ. ಬೊಂಡದ ಚಿಪ್ಪು, ಹಳೇ ಟಯರು, ಅರ್ಧಕ್ಕೆ ಬಿಟ್ಟ ಪಾಯದ ಗುಂಡಿ, ಮುಚ್ಚಳವಿಲ್ಲದ ಬಾವಿ. ನಮ್ಮ ಊರಿನ ಮಲೇರಿಯಾ ಸೊಳ್ಳೆಗೆ ಬಾವಿ, ಟ್ಯಾಂಕಿಯ ತಿಳಿ ನೀರೇ ಇಷ್ಟ. ಮೊಟ್ಟೆಯಿಂದ ಸೊಳ್ಳೆಯಾಗಲು ಹತ್ತು ದಿನ ಸಾಕು. ನೀರಲ್ಲಿ ಮರಿಹುಳ ಕುಣಿಯುವ ವಿಡಿಯೋ ಒಂದಿದ್ದರೆ ಆರೋಗ್ಯ ನಿರೀಕ್ಷಕರು ಬೇಗ ಬರುತ್ತಾರೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡವನ್ನೂ ಇಟ್ಟಿತಲ್ವಾ, ನಗರದ ಖಾಲಿ ಸೈಟಿಗೆ ಅದು 2000 ರೂಪಾಯಿ. ಸೈಟಿನ ಬೆಲೆಯ ಮುಂದೆ ಇದು ಚಿಲ್ಲರೆ, ನಿಜ. ಆದರೆ ನೋಟಿಸ್ ಕೈಗೆ ಸಿಕ್ಕಿದರೆ ಜನ ಸ್ವಲ್ಪ ಅಲ್ಲಾಡುತ್ತಾರೆ.

ದೂರನ್ನು ಲಾಲ್‌ಬಾಗಿನ ಪಾಲಿಕೆ ಕಚೇರಿಯಲ್ಲಿ ಬರಹದಲ್ಲೇ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಸರ್ವೆ ನಂಬರ್ ಗೊತ್ತಿದ್ದರೆ ಹಾಕಿ. ಖಾಲಿ ಜಾಗಕ್ಕೂ ಆಸ್ತಿ ತೆರಿಗೆ ಇರುವುದರಿಂದ ಮಾಲೀಕರ ವಿಳಾಸ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಒಂದು ಮಾತ್ರ ಬೇಡ: ನೀವೇ ಬೇಲಿ ಹಾರಿ ಬಲ್ಲೆಗೆ ಬೆಂಕಿ ಕೊಡುವುದು. ಆಗ ನೋಟಿಸ್ ನಿಮ್ಮ ಮನೆಗೆ ಬರುತ್ತದೆ.