ಓದುಗರ ಪ್ರಶ್ನೆ: ಯುರೋಪ್ ಬಸ್ ಟೂರ್ ಬುಕ್ ಮಾಡುವ ಮೊದಲು

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ನಿವೃತ್ತರು. ಮೇ ಕೊನೆಗೆ ಯುರೋಪಿಗೆ ಹೋಗುವ ಆಸೆ. ಒಂದು ಕಂಪನಿ ಹತ್ತು ದಿನಕ್ಕೆ ಎಂಟು ದೇಶ ತೋರಿಸುತ್ತೇವೆ ಅನ್ನುತ್ತಿದೆ, ಇನ್ನೊಂದು ಅಷ್ಟೇ ದುಡ್ಡಿಗೆ ನಾಲ್ಕೇ ದೇಶ. ಎಂಟು ದೇಶದ್ದೇ ಲಾಭ ಅಲ್ವಾ?
– ಕುಮಟಾದ ಓದುಗರು

ಉತ್ತರ: ಲಾಭ ಅಲ್ಲ. ನಾಲ್ಕು ದೇಶದ್ದಕ್ಕೇ ಹೋಗಿ.

ಎಂಟು ದೇಶದ ಪಟ್ಟಿಯನ್ನು ಪೆನ್ನು ಹಿಡಿದು ಓದಿ, ಯಾವ ಊರಲ್ಲಿ ಎಷ್ಟು ರಾತ್ರಿ ಅಂತ ಪಕ್ಕದಲ್ಲಿ ಬರೆಯುತ್ತಾ ಹೋಗಿ. ವ್ಯಾಟಿಕನ್ ಒಂದು ದೇಶ ಅಂತ ಲೆಕ್ಕಕ್ಕೆ ಸೇರಿರುತ್ತದೆ, ಅದಿರುವುದು ರೋಮ್ ಊರೊಳಗೇ, 44 ಹೆಕ್ಟೇರ್ ಜಾಗದಲ್ಲಿ. ಲಿಕ್ಟನ್‌ಸ್ಟೈನ್ ಇನ್ನೊಂದು. ಸ್ವಿಟ್ಜರ್ಲೆಂಡಿನಿಂದ ಆಸ್ಟ್ರಿಯಾಕ್ಕೆ ಹೋಗುವ ದಾರಿಯಲ್ಲಿ ವಾಡುಜ್ ಪೇಟೆಯಲ್ಲಿ ಬಸ್ ನಿಲ್ಲುತ್ತದೆ, ಒಂದು ಫೋಟೋ, ಒಂದು ಕಾಫಿ, ಅಲ್ಲಿಗೆ ಒಂದು ದೇಶ ಮುಗೀತು. ಉಳಿದ ಹೊತ್ತೆಲ್ಲ ಕಿಟಕಿ ಪಕ್ಕ ಕೂತು ಹೈವೇ ನೋಡುವುದೇ.

ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ಯುರೋಪಿನಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತಗೊಳ್ಳಲೇಬೇಕು. ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10. ಎಲ್ಲವೂ ಬಸ್ಸಿನೊಳಗಿನ ಯಂತ್ರದಲ್ಲಿ ದಾಖಲಾಗುತ್ತದೆ. ‘ಇನ್ನು ಸ್ವಲ್ಪ ದೂರ ಬಿಡಿ ಅಣ್ಣಾ’ ಅಂದರೆ ನಡೆಯುವುದಿಲ್ಲ. ಹಾಗಾಗಿ ಗುಂಪಿನಲ್ಲಿ ಯಾರೋ ಎಲ್ಲೋ ಅರ್ಧ ಗಂಟೆ ತಡ ಮಾಡಿದರೆ ಆ ಅರ್ಧ ಗಂಟೆ ಕತ್ತರಿಸಿ ಹೋಗುವುದು ನೀವು ನೋಡಬೇಕಿದ್ದ ಜಾಗದಿಂದಲೇ. ದೇಶ ಕಡಿಮೆ ಇದ್ದಷ್ಟೂ ಈ ಕಾಟ ಕಡಿಮೆ.

ಪಟ್ಟಿಯಲ್ಲಿ ‘ಫೋಟೋ ಸ್ಟಾಪ್’, ‘ಓರಿಯೆಂಟೇಶನ್ ಟೂರ್’, ‘ಪನೋರಮಿಕ್ ಡ್ರೈವ್’ ಅಂತಿದ್ದರೆ ಒಳಗೆ ಹೋಗುವುದಿಲ್ಲ ಅಂತಲೇ ಅರ್ಥ ಮಾಡಿಕೊಳ್ಳಿ. ಟಿಕೆಟ್ ಸೇರಿದೆಯಾ ಅಂತ ಒಂದೊಂದನ್ನೂ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ವಾರವನ್ನೂ ನೋಡಿ: ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ಬಂದ್, ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯದು ಬಿಟ್ಟು ಉಳಿದ ಭಾನುವಾರ ಬಂದ್.

ಐಫೆಲ್ ಗೋಪುರಕ್ಕೆ ಎಷ್ಟನೇ ಹಂತದ ಟಿಕೆಟ್ ಅನ್ನುವುದನ್ನೂ ಕೇಳಿ. ಪೂರ್ತಿ ಎತ್ತರ 330 ಮೀಟರ್, ಎರಡನೇ ಹಂತ 116 ಮೀಟರ್. ನಮ್ಮ ಸಿದ್ದಾಪುರದ ಉಂಚಳ್ಳಿ ಜಲಪಾತ ಎಷ್ಟು ಎತ್ತರದಿಂದ ಬೀಳುತ್ತದೋ ಸರಿಸುಮಾರು ಅಷ್ಟೇ. ನನ್ನ ಪ್ರಕಾರ ಎರಡನೇ ಹಂತ ಸಾಕು. ಸೇನ್ ನದಿ, ಸೇತುವೆಗಳು, ಮನೆಗಳ ಬೂದು ಮಾಡು ಎಲ್ಲ ಅಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತದೆ. ಆದರೆ ದೀಪ ನೋಡದೆ ಮಾತ್ರ ಬರಬೇಡಿ. ಕತ್ತಲಾದ ಮೇಲೆ ಪ್ರತಿ ಗಂಟೆಗೆ ಐದು ನಿಮಿಷ ಇಡೀ ಗೋಪುರ ಮಿನುಗುತ್ತದೆ. ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಸಂಜೆ ಏಳಕ್ಕೆ ಊಟ ಮುಗಿಸಿ ಹೋಟೆಲಿಗೆ ಬಿಡುವ ಟೂರಾದರೆ ನಿಮಗೆ ಅದು ಸಿಗುವುದಿಲ್ಲ. ಸೇನ್ ನದಿಯ ಬೋಟ್ ಎಷ್ಟು ಗಂಟೆಗೆ ಅಂತ ಈಗಲೇ ಕೇಳಿಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತು, ಮಂಡಿ ನೋವಿದೆ. ಬಸ್ಸಿನಲ್ಲೇ ಎಲ್ಲ ಕಡೆ ಹೋಗುವುದಲ್ವಾ, ನಡೆಯುವುದೇನಿಲ್ಲ ಅಂತ ಏಜೆಂಟ್ ಹೇಳುತ್ತಾರೆ. ನಂಬಬಹುದಾ?
– ಶಿರಸಿಯ ಓದುಗರು

ಉತ್ತರ: ನಂಬಬೇಡಿ. ಇಟಲಿಯಲ್ಲಂತೂ ಹಳೇ ಪೇಟೆಯೊಳಗೆ ಟೂರ್ ಬಸ್ ಬಿಡುವುದೇ ಇಲ್ಲ. ಪೀಸಾದಲ್ಲಿ, ಫ್ಲಾರೆನ್ಸಿನಲ್ಲಿ ಬಸ್ ದೂರ ನಿಲ್ಲುತ್ತದೆ, ಅಲ್ಲಿಂದ ಕಲ್ಲು ಹಾಸಿನ ಬೀದಿಯಲ್ಲಿ ನಡಿಗೆ. ವೆನಿಸ್‌ನಲ್ಲಿ ಬಸ್ಸಿನ ಆಟ ಟ್ರೊಂಕೆಟ್ಟೋ ಅನ್ನುವ ದ್ವೀಪದಲ್ಲೇ ಮುಗಿಯುತ್ತದೆ. ಅಲ್ಲಿ ದೋಣಿ ಹತ್ತಿ ಸೇಂಟ್ ಮಾರ್ಕ್ಸ್ ಚೌಕದ ಕಡೆ ಇಳಿಯುತ್ತೀರಿ. ಇಳಿದ ಮೇಲೆ ಕಾಲುವೆಗೊಂದು ಸೇತುವೆ, ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲು: ಹತ್ತಬೇಕು, ಇಳಿಯಬೇಕು, ಹತ್ತು ಹೆಜ್ಜೆ ನಡೆದರೆ ಮತ್ತೆ ಹತ್ತಬೇಕು. ಗೈಡ್ ಕೈಯಲ್ಲಿನ ಬಾವುಟ ಮಾತ್ರ ಜನರ ತಲೆಗಳ ನಡುವೆ ಮುಂದೆ ಹೋಗುತ್ತಲೇ ಇರುತ್ತದೆ. ಮಂಡಿ ನೋವಿನವರಿಗೆ ಈ ಓಟ ದೊಡ್ಡ ಹಿಂಸೆ.

ಹಾಗಂತ ಅಮ್ಮನನ್ನು ಬಿಟ್ಟು ಹೋಗಬೇಡಿ. ಇಟಲಿ ಕಡಿಮೆ, ಸ್ವಿಟ್ಜರ್ಲೆಂಡ್ ಜಾಸ್ತಿ ಇರುವ ಟೂರ್ ಆರಿಸಿ. ಅಲ್ಲಿ ರೈಲು, ಕೇಬಲ್ ಕಾರ್ ಬೆಟ್ಟದ ಮೇಲಿನವರೆಗೂ ಒಯ್ಯುತ್ತವೆ. ಯೂಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3454 ಮೀಟರ್ ಎತ್ತರದಲ್ಲಿದೆ, 1912ರಿಂದ ಜನ ಹೋಗುತ್ತಿದ್ದಾರೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, ನಾಲ್ಕು ಹೆಜ್ಜೆಗೆ ಏದುಸಿರು ಬರಬಹುದು. ಅಮ್ಮನಿಗೆ ಹೃದಯದ ಅಥವಾ ಉಸಿರಾಟದ ತೊಂದರೆ ಇದ್ದರೆ ಬುಕ್ ಮಾಡುವ ಮೊದಲೇ ಡಾಕ್ಟರನ್ನು ಕೇಳಿ. ಒಳಗಿನ ಐಸ್ ಗುಹೆಯ ನೆಲ ಜಾರುತ್ತದೆ, ಕೈ ಹಿಡಿದು ಕರೆದುಕೊಂಡು ಹೋಗಿ.

ರೈನ್ ಜಲಪಾತದಲ್ಲಿ ಒಂದು ದಡದಲ್ಲಿ ಕೋಟೆಯಿಂದ ಮೆಟ್ಟಿಲಿಳಿದು ನೋಡಬೇಕು, ಎದುರು ದಡದಲ್ಲಿ ನೀರಿನ ಪಕ್ಕವೇ ಸಮತಟ್ಟು ಜಾಗವಿದೆ. ಯಾವ ದಡಕ್ಕೆ ಕರೆದೊಯ್ಯುತ್ತೀರಿ ಅಂತ ಕೇಳಿ. ಎತ್ತರ 23 ಮೀಟರ್ ಅಷ್ಟೇ, ಜೋಗ ನೋಡಿದ ನಮಗೆ ಮೊದಲು ಸಪ್ಪೆ ಅನ್ನಿಸಬಹುದು. ಆದರೆ 150 ಮೀಟರ್ ಅಗಲದ ಆ ನೀರಿನ ರಭಸವನ್ನು ಬೋಟಿನಲ್ಲಿ ಹತ್ತಿರ ಹೋಗಿ ನೋಡಿದರೆ ಹಾಗನ್ನಿಸುವುದಿಲ್ಲ.

ಪ್ರಶ್ನೆ: ಊಟದ್ದೇ ಚಿಂತೆ. ಉಪ್ಪಿನಕಾಯಿ, ತುಪ್ಪ, ಒಣಮೀನು ಒಯ್ಯಬಹುದಾ?
– ಅಂಕೋಲಾದ ಓದುಗರು

ಉತ್ತರ: ತುಪ್ಪ ಬೇಡ. ಹೊರಗಿನವರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಪೇಡೆಯೂ ಅದೇ ಸಾಲಿಗೆ ಬರುತ್ತದೆ. ತಾಜಾ ಮಾವಿನಹಣ್ಣೂ ಬೇಡ. ಒಣಮೀನಿಗೆ ಮಾತ್ರ ಅಡ್ಡಿಯಿಲ್ಲ, ಸ್ವಂತಕ್ಕೆ 20 ಕಿಲೋವರೆಗೆ ಬಿಡುತ್ತಾರೆ! ಆದರೂ ದಯವಿಟ್ಟು ಬೇಡ ಅನ್ನುತ್ತೇನೆ. ಆ ಬಸ್ಸಿನ ಕಿಟಕಿ ತೆಗೆಯಲು ಬರುವುದಿಲ್ಲ, ಪಕ್ಕದಲ್ಲಿ ಸಸ್ಯಾಹಾರಿಗಳಿರುತ್ತಾರೆ. ಅಪ್ಪೆಮಿಡಿ ಉಪ್ಪಿನಕಾಯಿ ಚೆನ್ನಾಗಿ ಸೀಲ್ ಮಾಡಿ ದೊಡ್ಡ ಸೂಟ್‌ಕೇಸಿನಲ್ಲಿಡಿ, ಕೈಚೀಲದಲ್ಲಿ ಬೇಡ. ಅವಲಕ್ಕಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ರಾತ್ರಿಯೂಟ ಬಹುಮಟ್ಟಿಗೆ ಇಂಡಿಯನ್ ಹೋಟೆಲಿನಲ್ಲೇ ಇರುತ್ತದೆ, ಮಧ್ಯಾಹ್ನದ್ದು ಸೇರಿದೆಯಾ ನೋಡಿಕೊಳ್ಳಿ. ನೀರು ಕೊಳ್ಳಬೇಕಿಲ್ಲ, ನಲ್ಲಿ ನೀರು ಕುಡಿಯಬಹುದು. ರೋಮ್, ಪ್ಯಾರಿಸ್ ಬೀದಿಗಳಲ್ಲಿ ಕುಡಿಯುವ ನೀರಿನ ಕಾರಂಜಿಗಳೇ ಇವೆ. ಹೈವೇ ಶೌಚಾಲಯಕ್ಕೆ ಮಾತ್ರ ಚಿಲ್ಲರೆ ಯೂರೋ ನಾಣ್ಯ ಜೇಬಿನಲ್ಲಿರಲಿ.

ಪ್ರಶ್ನೆ: ವೀಸಾ ದೇಶಕ್ಕೊಂದು ಬೇಕಾ? ಲಂಡನ್ ಕೂಡ ಸೇರಿಸಬೇಕೆಂದಿದ್ದೇವೆ.
– ಸಿದ್ದಾಪುರದ ಓದುಗರು

ಉತ್ತರ: ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಜರ್ಮನಿ ಎಲ್ಲದಕ್ಕೂ ಒಂದೇ ಷೆಂಗೆನ್ ವೀಸಾ. ಜಾಸ್ತಿ ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೋವರೆಗಿನ ಚಿಕಿತ್ಸೆ ಖರ್ಚು ಕೊಡುವ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿ ಬನ್ನಿ. ಲಂಡನ್‌ಗೆ ಬೇರೆ ವೀಸಾ, ಬೇರೆ ಖರ್ಚು. ಮೊದಲ ಸಲ ಹೋಗುವವರು ಅದನ್ನು ಬಿಡುವುದೇ ವಾಸಿ. ಟೂರ್ ದುಡ್ಡಿನ ಜೊತೆ ಟಿಸಿಎಸ್ (ಕಂಪನಿಯೇ ನಿಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಅಂತ ಹಿಡಿಯುತ್ತಾರೆ, ರಸೀದಿ ಇಟ್ಟುಕೊಳ್ಳಿ. ಆದಾಯ ತೆರಿಗೆ ರಿಟರ್ನ್ ಹಾಕುವಾಗ ಅದನ್ನು ಕ್ಲೇಮ್ ಮಾಡಬಹುದು.

ಪ್ರಶ್ನೆ: ಮುಂಬೈನಿಂದ ವಿಮಾನ. ಕಾರವಾರದಿಂದ ಹಿಂದಿನ ದಿನ ಸಂಜೆಯ ಮತ್ಸ್ಯಗಂಧ ರೈಲು ಹಿಡಿದರೆ ಸಾಕಾ?
– ಕಾರವಾರದ ಓದುಗರು

ಉತ್ತರ: ಸಾಲದು. ಇನ್ನೂ ಒಂದು ದಿನ ಮೊದಲೇ ಹೊರಡಿ. ಜೂನ್ ಮಧ್ಯದ ಹೊತ್ತಿಗೆ ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಶುರುವಾಗುತ್ತದೆ, ಗಾಡಿಗಳು ನಿಧಾನ ಓಡುತ್ತವೆ, ಗುಡ್ಡ ಕುಸಿದರೆ ನಿಂತೇ ಬಿಡುತ್ತವೆ. ರೈಲು ತಡವಾಯಿತು ಅಂತ ಗುಂಪಿನ ವಿಮಾನ ಕಾಯುವುದಿಲ್ಲ. ಮುಂಬೈನಲ್ಲಿ ಒಂದು ರಾತ್ರಿ ಲಾಡ್ಜ್ ಖರ್ಚು ಬಂದರೂ ಪರವಾಗಿಲ್ಲ, ಸರಿಯಾಗಿ ನಿದ್ದೆ ಮಾಡಿ ವಿಮಾನ ಹತ್ತಿ.