ಕಂಡದ್ದನ್ನು ಹೇಳಿದರೆ ಚಾಡಿಯೇ?

ಪ್ರಶ್ನೆ: ಮೂರು ದೇಶಗಳ ಲ್ಯಾಬ್‌ಗಳು ಸೇರಿ ನಡೆಸುವ ಜೀವವಿಜ್ಞಾನದ ಪ್ರಾಜೆಕ್ಟ್ ಒಂದರಲ್ಲಿ ನಾನು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಗುತ್ತಿಗೆಯ ಮೇಲೆ ಸಂಶೋಧನೆ ಮಾಡುವವಳು. ಕಳೆದ ವರ್ಷ ಬಂದ ನಮ್ಮ ಪೇಪರ್‌ನಲ್ಲಿ ಮೂರನೇ ಲೇಖಕಿ. ಮೊನ್ನೆ ಒಂದು ಭಾಷಣಕ್ಕೆಂದು ಅದರ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಎರಡನೇ ಚಿತ್ರದ ಬ್ಲಾಟ್, ಅಂದರೆ ಪ್ರೋಟೀನ್ ಇರುವುದನ್ನು ಕಪ್ಪು ಪಟ್ಟಿಗಳಲ್ಲಿ ತೋರಿಸುವ ಫೋಟೊ, ಐದನೇ ಚಿತ್ರದಲ್ಲಿ ಬೇರೆ ಪ್ರಯೋಗದ ಹೆಸರಿನಲ್ಲಿ ತಲೆಕೆಳಗಾಗಿ ಕೂತಿದೆ ಅನ್ನಿಸಿತು. ಮೂರನೇ ಪಟ್ಟಿಯ ಪಕ್ಕ ಅಲ್ಪವಿರಾಮದಂಥ ಒಂದು ಕಲೆ. ಎರಡೂ ಕಡೆ ಅದೇ ಕಲೆ. ಆ ಚಿತ್ರಗಳನ್ನು ಮಾಡಿದವರು ಇನ್ನೊಂದು ದೇಶದ ಲ್ಯಾಬ್‌ನಲ್ಲಿರುವ ಹಿರಿಯರು. ಮೊದಲ ಆರು ತಿಂಗಳು ನಾನು ಅಲ್ಲೇ ಇದ್ದೆ. ಮನೆ ಹುಡುಕಿಕೊಟ್ಟು, ಪ್ರಯೋಗ ಕಲಿಸಿ, ಅತ್ತಾಗ ಸಮಾಧಾನ ಮಾಡಿದವರು ಅವರು. ನನ್ನ ಗೈಡ್ ಹತ್ತಿರ ಮೆಲ್ಲಗೆ ಹೇಳಿದೆ. ‘ತೀರ್ಮಾನವೇನೂ ಬದಲಾಗಲ್ಲ, ಕೆದಕಬೇಡ. ಮುಂದಿನ ತಿಂಗಳು ನಿನ್ನ ಗುತ್ತಿಗೆ ನವೀಕರಣ ಇದೆ, ನೆನಪಿರಲಿ’ ಅಂದರು. ಹೇಳಿದರೆ ಉಂಡ ಮನೆಗೆ ಎರಡು ಬಗೆದಂತೆ. ಹೇಳದಿದ್ದರೆ ನಿದ್ದೆ ಇಲ್ಲ. ಹೆಸರು ಹಾಕದೆ ಜರ್ನಲ್‌ಗೆ ಬರೆದುಬಿಡಲೇ?
– ಹೆಸರು, ಊರು ಎರಡೂ ಬೇಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಗೈಡ್ ಮೇಲೆ ಸಿಟ್ಟು ಬಂತು. ಎರಡನೇ ಸಲ ಓದುವಾಗ ನಿಮ್ಮದೇ ಒಂದು ಪದ ಕಣ್ಣಿಗೆ ಬಿತ್ತು. ‘ಕೂತಿದೆ ಅನ್ನಿಸಿತು’ ಎಂದಿದ್ದೀರಿ. ಅವರು ಮೋಸ ಮಾಡಿದ್ದಾರೆಂದು ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಆದರೆ ರಾತ್ರಿ ಎದ್ದು ಕೂತಾಗ ನೀವು ಯೋಚಿಸುತ್ತಿರುವುದು ಅದನ್ನೇ. ಅವರು ಕಳ್ಳರೋ ಅಲ್ಲವೋ, ಶಿಕ್ಷೆ ಏನಾದೀತು, ಅವರ ಮನೆಯವರ ಗತಿಯೇನು ಎಂದು. ಇದೆಲ್ಲ ತೀರ್ಪು ಕೊಡುವವರ ಕೆಲಸ. ನಿಮ್ಮ ಪಾಲಿಗೆ ಬಂದಿರುವುದು ಸಾಕ್ಷಿಯ ಕೆಲಸ, ಅದು ಬಹಳ ಚಿಕ್ಕದು: ಈ ಪುಟದಲ್ಲಿ ಇದು, ಆ ಪುಟದಲ್ಲಿ ಅದು, ಎರಡೂ ಒಂದೇ ಥರ ಕಾಣುತ್ತಿವೆ, ಮೂಲ ಫೈಲ್ ನೋಡಬೇಕು. ಅಷ್ಟು ಹೇಳುವುದು ಚಾಡಿಯಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಬ್ಲಾಟ್‌ಗಳ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜ. ಈ ಅಂಕಣಕ್ಕೆ ಬರುವ ಮುಂಚೆ ನಾನೂ ಕೆಲವು ವರ್ಷ ಲ್ಯಾಬ್‌ನಲ್ಲಿ ಕೂತಿದ್ದೆ. ಒಂದು ಪೇಪರ್‌ಗೆ ಚಿತ್ರ ಜೋಡಿಸುವಾಗ, ಹೊಸ ಬ್ಲಾಟ್ ಬರುವವರೆಗೆ ಇರಲಿ ಎಂದು ಹಳೆಯದನ್ನೇ ಅಂಟಿಸಿ ಜಾಗ ಹಿಡಿದಿಟ್ಟೆ. ಬದಲಿಸುವುದು ಮರೆತೇಹೋಯಿತು. ಕಳಿಸುವ ಹಿಂದಿನ ರಾತ್ರಿ ಜೊತೆಯಲ್ಲಿದ್ದವಳೊಬ್ಬಳು ‘ಇದೇನು, ಅವಳಿ ಮಕ್ಕಳಾ?’ ಎಂದು ಕೇಳಿರದಿದ್ದರೆ ಇವತ್ತು ನಿಮ್ಮಂಥ ಯಾರೋ ನನ್ನ ಬಗ್ಗೆ ಇಂಥದೇ ಪತ್ರ ಬರೆಯುತ್ತಿದ್ದರು.

2016ರಲ್ಲಿ ಎಲಿಸಬೆತ್ ಬಿಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಮತ್ತು ಅವರ ಸಂಗಡಿಗರು ಜೀವವಿಜ್ಞಾನದ 20,621 ಪೇಪರ್‌ಗಳ ಚಿತ್ರಗಳನ್ನು ಕಣ್ಣಿಟ್ಟು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಶೇ 3.8ರಷ್ಟರಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬಂದಂಥ ತೊಂದರೆ ಇತ್ತು. ಅದರಲ್ಲಿ ಕನಿಷ್ಠ ಅರ್ಧದಷ್ಟು ಬೇಕೆಂದೇ ಮಾಡಿದಂತೆ ಕಾಣುತ್ತದೆ ಎಂದರು. ಉಳಿದದ್ದು ಕೈತಪ್ಪೂ ಇರಬಹುದು. ನಿಮ್ಮ ಸ್ನೇಹಿತರು ಯಾವ ಕಡೆಗೆ ಬೀಳುತ್ತಾರೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ಮಾತು ಮಾತ್ರ ಮುಚ್ಚಿಡದೆ ಹೇಳುತ್ತೇನೆ: ತಿರುಗಿಸಿ ಹಾಕಿರುವುದು ನಿಜವಾದರೆ, ನನ್ನ ಹಾಗೆ ಮರೆತದ್ದು ಎನ್ನುವುದು ತುಸು ಕಷ್ಟ. ಅಮೆರಿಕದ ನಿಯಮದಲ್ಲಿ ದುರ್ನಡತೆ ಎಂದರೆ ಇಲ್ಲದ ಡೇಟಾ ಕಟ್ಟುವುದು, ಇದ್ದದ್ದನ್ನು ತಿರುಚುವುದು, ಇನ್ನೊಬ್ಬರ ಬರಹ, ವಿಚಾರ ಕದಿಯುವುದು. ಪ್ರಾಮಾಣಿಕ ತಪ್ಪು ಅದರೊಳಗೆ ಬರುವುದಿಲ್ಲ. ಆದರೆ ತಪ್ಪು ಪ್ರಾಮಾಣಿಕವೇ ಎಂದು ತಿಳಿಯುವುದಕ್ಕೂ ಯಾರಾದರೂ ಕೇಳಲೇಬೇಕು.

‘ತೀರ್ಮಾನ ಬದಲಾಗಲ್ಲ’ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಐದನೇ ಚಿತ್ರದಲ್ಲಿರುವುದು ಆ ಪ್ರಯೋಗದ ಬ್ಲಾಟ್ ಅಲ್ಲವಾದರೆ, ಆ ಪ್ರಯೋಗ ನಡೆದಿದೆ ಎನ್ನುವುದಕ್ಕೆ ಆ ಪುಟದಲ್ಲಿ ಪುರಾವೆಯೇ ಇಲ್ಲ. ಮೂಲ ನೋಡದೆ ತೀರ್ಮಾನ ಬದಲಾಗುವುದಿಲ್ಲ ಎಂದು ನಿಮ್ಮ ಗೈಡ್‌ಗೆ ಹೇಗೆ ಗೊತ್ತಾಯಿತು? ಅದನ್ನು ನಂಬಿ ಎಲ್ಲೋ ಒಬ್ಬ ಪಿಎಚ್‌ಡಿ ಹುಡುಗ ಎಂಟು ತಿಂಗಳು ಅದೇ ಪ್ರಯೋಗ ಮಾಡಿ, ಬರದೆ, ತನ್ನ ಕೈಯಲ್ಲೇ ದೋಷವಿದೆ ಅಂದುಕೊಂಡು ಕೂತಿರಬಹುದು.

ಇನ್ನು ನೀವು ಹೊರಗಿನವರಲ್ಲ. ಪೇಪರ್ ಮೇಲೆ ನಿಮ್ಮ ಹೆಸರಿದೆ. ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಯಾನ್ ಹೆಂಡ್ರಿಕ್ ಶೋನ್ ಡೇಟಾ ಕಟ್ಟಿದ ಪ್ರಕರಣ ನೀವು ಕೇಳಿರಬೇಕು. ಬೇರೆ ಬೇರೆ ಪ್ರಯೋಗಗಳ ಗ್ರಾಫ್‌ಗಳಲ್ಲಿ ‘ನಾಯ್ಸ್’, ಅಂದರೆ ಪ್ರತಿ ಅಳತೆಯಲ್ಲೂ ಬೇರೆ ಬೇರೆಯಾಗಿ ಬರಬೇಕಾದ ಸಣ್ಣ ಏರಿಳಿತ, ಒಂದೇ ಥರ ಇರುವುದನ್ನು ಯಾರೋ ಗಮನಿಸಿದ್ದರಿಂದ ಅದು ಬಯಲಾಯಿತು. ನಿಮ್ಮ ಅಲ್ಪವಿರಾಮದ ಹಾಗೆಯೇ. 2002ರಲ್ಲಿ ತನಿಖಾ ಸಮಿತಿ 24 ಆರೋಪಗಳಲ್ಲಿ 16 ಸಾಬೀತಾಗಿವೆ ಎಂದಿತು. ಸಹಲೇಖಕರೆಲ್ಲ ದುರ್ನಡತೆಯ ಆರೋಪದಿಂದ ಪಾರಾದರು. ಆದರೂ ಸಹಲೇಖಕರಾಗಿ ಎಷ್ಟು ಎಚ್ಚರ ವಹಿಸಬೇಕಿತ್ತು ಎಂಬ ಪ್ರಶ್ನೆಯನ್ನು ಸಮಿತಿ ಎತ್ತದೆ ಬಿಡಲಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಿಮಗೀಗ ಗೊತ್ತಿದೆ. ಮೊನ್ನೆ ಸಂಜೆ ಆ ಚಿತ್ರ ದೊಡ್ಡದು ಮಾಡಿದ ಗಳಿಗೆಯಿಂದ ಸುಮ್ಮನಿರುವುದಕ್ಕೆ ಬೇರೆಯೇ ಅರ್ಥ ಬಂದುಬಿಟ್ಟಿದೆ.

ಶೋನ್ ಪ್ರಕರಣದ ಇನ್ನೊಂದು ಸಂಗತಿ ನಿಮಗೆ ಉಪಯೋಗಕ್ಕೆ ಬರುತ್ತದೆ. ಮೂಲ ಡೇಟಾ ಕೇಳಿದಾಗ, ಕಂಪ್ಯೂಟರ್‌ನಲ್ಲಿ ಜಾಗವಿಲ್ಲದೆ ಅಳಿಸಿಹಾಕಿದೆ ಎಂಬ ಉತ್ತರ ಬಂದಿತ್ತು. ಆದ್ದರಿಂದ ಯಾರ ಹತ್ತಿರವೂ ಬಾಯಿ ಬಿಡುವ ಮುಂಚೆ, ನಿಮಗೆ ನೋಡಲು ಹಕ್ಕಿರುವ ಫೈಲ್‌ಗಳನ್ನು ಮಾತ್ರ, ಹಂಚಿಕೆಯ ಫೋಲ್ಡರ್, ಕರಡು ಪ್ರತಿಗಳು, ಹಳೆಯ ಮೇಲ್‌ಗಳು, ಇದ್ದ ಹಾಗೇ ತಾರೀಖಿನೊಂದಿಗೆ ಕಾಪಿಟ್ಟುಕೊಳ್ಳಿ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಒಳಗೆ ಹೋಗುವ ಆಸೆ ಬಂದರೆ ಕೈ ಕಟ್ಟಿಕೊಳ್ಳಿ. ಆಮೇಲೆ ವಿಚಾರಣೆ ಅವರನ್ನು ಬಿಟ್ಟು ನಿಮ್ಮ ಕಡೆ ತಿರುಗುತ್ತದೆ. ಗೈಡ್ ಜೊತೆ ಆದ ಮಾತುಕತೆಯನ್ನೂ ಈಗಲೇ ಬರೆದಿಡಿ, ಅವರು ಬಳಸಿದ ಪದಗಳಲ್ಲೇ.

ನಂತರ ನಿಮ್ಮ ಸಂಸ್ಥೆಯಲ್ಲಿ ಸಂಶೋಧನಾ ನೈತಿಕತೆ ನೋಡಿಕೊಳ್ಳುವ ಸಲಹೆಗಾರರೋ, ಪಕ್ಷ ವಹಿಸದೆ ದೂರು ಕೇಳುವ ಒಂಬುಡ್ಸ್‌ಮನ್ನೋ ಇದ್ದಾರೆಯೇ ನೋಡಿ. ಅವರು ನಿಮ್ಮ ಗೈಡ್ ಕೈಕೆಳಗಿನವರಾಗಿರಬಾರದು. ಹೋದ ಕೂಡಲೇ ಕತೆ ಶುರು ಮಾಡಬೇಡಿ. ‘ನಾನು ಹೇಳಿದ್ದು ನಿಮ್ಮಲ್ಲೇ ಉಳಿಯುತ್ತದೆಯೇ, ಅಥವಾ ಕೇಳಿದ ಮೇಲೆ ನೀವು ಕ್ರಮ ಕೈಗೊಳ್ಳಲೇಬೇಕೇ?’ ಎಂದು ಮೊದಲು ಕೇಳಿ. ಎರಡೂ ಬಗೆಯ ಅಧಿಕಾರಿಗಳಿರುತ್ತಾರೆ. ಮೂರು ದೇಶ ಎಂದಿರಿ, ಹಾಗಾದರೆ ನಿಯಮವೂ ಮೂರು. ಸ್ವೀಡನ್‌ನಂಥ ಕಡೆ 2020ರಿಂದ ಗಂಭೀರ ದೂರುಗಳನ್ನು ರಾಷ್ಟ್ರೀಯ ಮಂಡಳಿಯೇ ನೋಡುತ್ತದೆ. ಎಷ್ಟೋ ಕಡೆ ಆಯಾ ವಿಶ್ವವಿದ್ಯಾಲಯವೇ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಪ್ರಯೋಗ ನಡೆದ ಸಂಸ್ಥೆಗೆ ದೂರು ಹೋಗುತ್ತದೆ. ಗಡಿ ದಾಟಿದ ಸಹಯೋಗಗಳಿಗೆಂದೇ 2013ರಲ್ಲಿ ಮಾಂಟ್ರಿಯಲ್ ಹೇಳಿಕೆ ಎಂಬುದೊಂದು ಬಂತು. ಯಾವ ಸಹಭಾಗಿಯ ಮೇಲೆ ಅನುಮಾನ ಬಂದರೂ ಉಳಿದವರು ತಡಮಾಡದೆ ಸೂಕ್ತ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಅದು. ಅದು ಕಾನೂನಲ್ಲ, ಆದರೆ ಗೈಡ್ ‘ಕೆದಕಬೇಡ’ ಎಂದಾಗ ಮುಂದಿಡಲು ಒಂದು ಕಾಗದ. ನಿಮ್ಮ ಸಹಯೋಗದ ಒಪ್ಪಂದದಲ್ಲೂ ಇಂಥ ಸಾಲು ಇರಬಹುದು, ಹುಡುಕಿ. ಯಾರೂ ಓದದ ಕೊನೆಯ ಪುಟಗಳಲ್ಲಿರುತ್ತದೆ.

ಜರ್ನಲ್‌ಗೆ ಹೆಸರಿಲ್ಲದೆ ಬರೆಯುವ ವಿಷಯ. ಬರೆಯಬಹುದು. ಆದರೆ ಅದರಿಂದ ನಿಮಗೆ ಬೇಕಾದದ್ದು ಸಿಗುತ್ತದೆ ಅನ್ನಿಸುವುದಿಲ್ಲ. ಸಂಪಾದಕರು ಪೊಲೀಸರಲ್ಲ. ಸಾಮಾನ್ಯವಾಗಿ ಲೇಖಕರನ್ನೇ ವಿವರಣೆ ಕೇಳುತ್ತಾರೆ, ತೃಪ್ತಿಯಾಗದಿದ್ದರೆ ಸಂಸ್ಥೆಗೆ ಬರೆಯುತ್ತಾರೆ. ಆ ಪತ್ರ ಲೇಖಕರೆಲ್ಲರಿಗೂ ಬಂದರೆ, ಅನಾಮಧೇಯವಾಗಿ ಬರೆದ ನಿಮಗೂ ಬರುತ್ತದೆ. ಆಗ ಏನೂ ಅರಿಯದವಳ ಹಾಗೆ ಮುಖ ಮಾಡಿಕೊಂಡು ಕೂರುತ್ತೀರಾ? ನಿಮ್ಮ ಸ್ವಭಾವ ಅದಲ್ಲ ಎಂದು ಪತ್ರವೇ ಹೇಳುತ್ತಿದೆ. ಅಲ್ಲದೆ ಆ ಕಲೆಯ ಬಗ್ಗೆ ಗೈಡ್ ಕಿವಿಗೆ ಆಗಲೇ ಹಾಕಿದ್ದೀರಿ. ಯಾರು ಬರೆದದ್ದೆಂದು ಊಹಿಸಲು ಅವರಿಗೆ ಅರ್ಧ ನಿಮಿಷ ಬೇಕಿಲ್ಲ.

ಗುತ್ತಿಗೆ ನವೀಕರಣ ಆಗುವವರೆಗೆ ಕಾಯಲೇ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕೆಂದಿದ್ದಿರಿ ಅನ್ನಿಸುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಎಲ್ಲರಿಗೂ ಆಸೆ. ಕಾಯುವುದು ಪಾಪವೆಂದು ನಾನು ಹೇಳುವುದಿಲ್ಲ, ಅನ್ನ ನಿಮ್ಮದು. ಆದರೆ ಲೆಕ್ಕ ಹಾಕಿ ನೋಡಿ: ನಿಮ್ಮ ಮಾತು ಮೊದಲು ದಾಖಲಾಗಿ, ಆಮೇಲೆ ಗುತ್ತಿಗೆ ನಿಂತರೆ, ಸೇಡು ಎಂದು ತೋರಿಸಲು ಕೈಯಲ್ಲಿ ತಾರೀಖು ಇರುತ್ತದೆ. ಮೊದಲು ಗುತ್ತಿಗೆ ನಿಂತು ಆಮೇಲೆ ದೂರಿದರೆ, ಕೆಲಸ ಹೋದ ಹೊಟ್ಟೆಕಿಚ್ಚು ಅನ್ನುತ್ತಾರೆ. ಹಾಗೆಂದು ನೀವು ಪೂರಾ ಸುರಕ್ಷಿತರೆಂದು ಭರವಸೆ ಕೊಡಲಾರೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ತಮ್ಮ ಗೈಡ್ ವಿರುದ್ಧ ನಿಜವನ್ನೇ ಹೇಳಿದ ವಿದ್ಯಾರ್ಥಿಗಳಲ್ಲಿ ಕೆಲವರು ವರ್ಷಗಟ್ಟಲೆ ಮಾಡಿದ ಕೆಲಸ ಬಿಟ್ಟು ಹೊರಟುಹೋಗಬೇಕಾಯಿತು. ನೆದರ್ಲೆಂಡ್ಸ್‌ನಲ್ಲಿ 2011ರಲ್ಲಿ ಡೀಡೆರಿಕ್ ಸ್ಟಾಪೆಲ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞರ ಸುಳ್ಳು ಡೇಟಾ ಬಯಲು ಮಾಡಿದ ಮೂವರು ಕಿರಿಯರು, ತಿಂಗಳುಗಟ್ಟಲೆ ಪುರಾವೆ ಕೂಡಿಟ್ಟು ಆಮೇಲೆ ಬಾಯಿ ಬಿಟ್ಟರು. ಅವರು ಮೂವರಿದ್ದರು ಎನ್ನುವುದನ್ನು ಗಮನಿಸಿ. ನಿಮ್ಮ ಪೇಪರ್‌ನಲ್ಲಿ ಇನ್ನೂ ಲೇಖಕರಿದ್ದಾರಲ್ಲ. ಸಲಹೆಗಾರರನ್ನು ಕೇಳಿಕೊಂಡು, ನಂಬುವಂಥ ಒಬ್ಬರಿಗೆ ಆ ಎರಡು ಚಿತ್ರ ತೋರಿಸಿ. ಏನನ್ನೂ ಹೇಳದೆ ತೋರಿಸಿ. ಅವರಿಗೂ ಕಾಣಿಸಿದರೆ ನೀವು ಒಂಟಿಯಲ್ಲ.

ಉಂಡ ಮನೆಯ ಮಾತಿಗೆ ಬರೋಣ, ನಿಮ್ಮನ್ನು ನಿಜವಾಗಿ ಸುಡುತ್ತಿರುವುದು ಅದೇ. ಅವರು ನಿಮಗೆ ಮನೆ ಹುಡುಕಿಕೊಟ್ಟದ್ದು ನಿಜ, ಬ್ಲಾಟ್ ಎರಡು ಸಲ ಬಂದದ್ದೂ ನಿಜ ಇರಬಹುದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ನಾನಾಗಿದ್ದರೆ ಅವರ ಬೆನ್ನ ಹಿಂದೆ ಎಲ್ಲವನ್ನೂ ಮುಗಿಸುತ್ತಿರಲಿಲ್ಲ. ಫೈಲ್‌ಗಳು ಭದ್ರವಾದ ಮೇಲೆ, ಸಲಹೆಗಾರರು ಆಗಬಹುದು ಎಂದರೆ ಮಾತ್ರ, ನೇರ ಅವರಿಗೇ ಎರಡು ಸಾಲು ಬರೆಯಿರಿ: ‘ಎರಡನೇ ಮತ್ತು ಐದನೇ ಚಿತ್ರದ ಬ್ಲಾಟ್‌ಗಳು ನನಗೆ ಒಂದೇ ಥರ ಕಾಣುತ್ತಿವೆ. ಎರಡರ ಮೂಲ ಸ್ಕ್ಯಾನ್ ಕಳಿಸುತ್ತೀರಾ?’ ಕ್ಷಮಿಸಿ ಎನ್ನಬೇಡಿ, ಹಳೆಯ ಉಪಕಾರ ನೆನಪಿಸಬೇಡಿ, ‘ತಪ್ಪಾಗಿದ್ದರೆ ಪರವಾಗಿಲ್ಲ’ ಎಂದು ಅವರಿಗೆ ಉತ್ತರವನ್ನು ನೀವೇ ಒದಗಿಸಬೇಡಿ. ವಿಚಾರಣೆ ಶುರುವಾದ ಮೇಲಾದರೆ ಇದೂ ಬೇಡ, ಆಗ ಗುಟ್ಟು ಕಾಯುವುದು ನಿಮ್ಮ ಕರ್ತವ್ಯ.

ಕತ್ತರಿಸದ, ಅಂಚು ಸಮೇತ ಇರುವ ಪೂರಾ ಸ್ಕ್ಯಾನ್ ಕೇಳಿ. ಪೇಪರ್‌ಗೆಂದು ಕತ್ತರಿಸಿದ ತುಂಡು ಕಳಿಸಿದರೆ ಮತ್ತೊಮ್ಮೆ ಕೇಳಿ. ಬಂದ ಮೇಲೆ ಪಟ್ಟಿಗಳ ಕಡೆ ಹೋಗಬೇಡಿ, ಅವು ಎಲ್ಲ ಬ್ಲಾಟ್‌ಗಳಲ್ಲೂ ಒಂದೇ ಥರ ಕಾಣುತ್ತವೆ. ಮೊದಲು ಆ ಅಲ್ಪವಿರಾಮ ಎಲ್ಲಿದೆ ನೋಡಿ.