ಬಿಸ್ಕೆಟ್ ಬಿಡ್ಸೋದು ಹೇಗೆ?

ಪ್ರಶ್ನೆ: ಮೇಡಂ, ಮಗಳಿಗೆ 8 ವರ್ಷ, 7:30ಕ್ಕೆ ಸ್ಕೂಲ್ ವ್ಯಾನ್ ಬರತ್ತೆ, ಬೆಳಗ್ಗೆ ಹಾಲು ಬಿಸ್ಕೆಟ್ ಬಿಟ್ರೆ ಏನೂ ಮುಟ್ಟಲ್ಲ, ನಾನೂ ಕೆಲ್ಸಕ್ಕೆ ಹೋಗ್ಬೇಕು, ಏನ್ ಮಾಡ್ಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: ನಿಮ್ಮ ಕಷ್ಟ ಅರ್ಥ ಆಗತ್ತಮ್ಮ. ರಾತ್ರಿನೇ ಒಂದು ಲೋಟ ಹೆಸರುಕಾಳು, ಎರಡು ಚಮಚ ಅಕ್ಕಿ ನೆನೆಹಾಕಿ, ಬೆಳಗ್ಗೆ ಶುಂಠಿ ಕೊತ್ತಂಬರಿ ಸೊಪ್ಪು ಹಾಕಿ ರುಬ್ಬಿದ್ರೆ ಸಾಕು, ಹಿಟ್ಟು ಹುಳಿ ಬರೋದೇನೂ ಬೇಡ, ಕಾವಲಿ ಮೇಲೆ ತೆಳ್ಳಗೆ ಹುಯ್ದು ಅಂಚು ಕೆಂಪಗಾಗಿ ಏಳೋವಾಗ ಸುತ್ತ ತುಪ್ಪ ಬಿಡಿ, ಆ ಘಮಕ್ಕೇ ಮಗು ಅಡುಗೆಮನೆಗೆ ಬರತ್ತೆ. ವಾರಕ್ಕೆರಡು ದಿನ ನುಗ್ಗೆಸೊಪ್ಪು ಹಾಕಿ ರಾಗಿ ರೊಟ್ಟಿ ತಟ್ಟಿ. 100 ಗ್ರಾಂ ರಾಗೀಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇರತ್ತೆ, ಬೆಳೆಯೋ ಮೂಳೆಗೆ ಬೇಕೇ ಬೇಕು. ಬಿಸ್ಕೆಟ್ ಒಂದೇ ಸಲ ನಿಲ್ಲಿಸ್ಬೇಡಿ, ಮೊದ್ಲು ಅರ್ಧ ದೋಸೆ ತಿನ್ಲಿ. ನೀವೂ ಬರೀ ಕಾಫಿ ಕುಡ್ದು ಓಡ್ಬೇಡಿ, ಅವಳ ಪಕ್ಕ 5 ನಿಮಿಷ ಕೂತು ತಿನ್ನಿ.